ಪೇಟೆಯಲ್ಲಿ ಮನೆ ಮಾಡುವ ಮುನ್ನ



ಮಕ್ಕಳ ಓದಿಗಾಗಿ ಪೇಟೆಯಲ್ಲಿ ಮನೆ ಮಾಡೋಣವೇ ಎಂಬ ಮಾತು ಇಂದು ಮಲೆನಾಡಿನ ಅನೇಕ ಮನೆಗಳ ಜಗುಲಿಯಲ್ಲಿ ನಡೆಯುತ್ತಿದೆ. ದೂರದ ಬೆಂಗಳೂರು ಬೇಡ, ಗದ್ದಲವಿಲ್ಲದ ಹತ್ತಿರದ ಊರು ಸಾಕು ಎಂಬುದು ಹಲವರ ವಿಚಾರ. ವಿಚಾರವೇನೂ ತಪ್ಪಲ್ಲ. ಆದರೆ ಅಂಥ ಊರಿನ ಬಾಳು ಎಂಥದು, ಅದರಿಂದ ನಿಮ್ಮ ತೋಟಕ್ಕೆ ಏನಾದೀತು ಎಂಬುದನ್ನು ಮೊದಲೇ ಅರಿತಿರಬೇಕು. ತೀರ್ಥಹಳ್ಳಿಯನ್ನೇ ಉದಾಹರಣೆಯಾಗಿ ನೋಡೋಣ.

ಊರಿನ ಸ್ವರೂಪ

ತೀರ್ಥಹಳ್ಳಿ ತುಂಗಾ ನದಿಯ ದಡದಲ್ಲಿದೆ. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ರೈಲು ಇಲ್ಲ; ಬಸ್ಸೇ ಆಧಾರ. ಬೆಳಿಗ್ಗೆ ಬಸ್ಸುಗಳು ಹಳ್ಳಿಯ ಜನರನ್ನು ತಂದು ಇಳಿಸುತ್ತವೆ. ಕಚೇರಿ, ಅಂಗಡಿ, ಶಾಲೆ ತುಂಬುತ್ತವೆ. ಸಂಜೆ ಅದೇ ಬಸ್ಸುಗಳು ಹೊರಟವೆಂದರೆ ಬೀದಿ ನಿಶ್ಶಬ್ದ. ಮಳೆಗಾಲದಲ್ಲಿ ತುಂಗೆ ಉಕ್ಕಿ ಹೊಳೆಯ ನಡುವಿನ ರಾಮಮಂಟಪ ಮುಳುಗಿದರೆ ಅದೇ ಊರಿನ ದೊಡ್ಡ ಸುದ್ದಿ. ಎಳ್ಳಮಾವಾಸ್ಯೆಯ ಜಾತ್ರೆಗೆ ಮಾತ್ರ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇಂಥ ಊರು ತನ್ನಷ್ಟಕ್ಕೆ ತಾನೇ ಬದುಕುವುದಿಲ್ಲ. ಸುತ್ತಲಿನ ತೋಟ ಗದ್ದೆಗಳೇ ಅದರ ಬೇರು. ಅಡಿಕೆಗೆ ಧಾರಣೆ ಬಂದ ವರ್ಷ ಬಟ್ಟೆಯಂಗಡಿ ತುಂಬಿರುತ್ತದೆ. ಕೊಳೆರೋಗ ಬಂದ ವರ್ಷ ಅಂಗಡಿಯವರೂ ಕೈಕಟ್ಟಿ ಕೂರುತ್ತಾರೆ. ಪೇಟೆಗೆ ಹೋದವರೂ ಮಳೆಯ, ಅಡಿಕೆಯ ಹಂಗಿನಿಂದ ಪಾರಾಗುವುದಿಲ್ಲ.

ಅನುಕೂಲಗಳು

ಶಾಲೆ, ಕಾಲೇಜು, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹಳ್ಳಿಯ ಮಕ್ಕಳು ಓದಲು ಇಲ್ಲಿಗೆ ಬರುವುದು ಹೊಸದಲ್ಲ. ಕುಪ್ಪಳಿಯ ಕುವೆಂಪು ಅವರೂ ಬಾಲ್ಯದಲ್ಲಿ ತೀರ್ಥಹಳ್ಳಿಯ ಶಾಲೆಯಲ್ಲಿ ಓದಿ ಆಮೇಲೆ ಮೈಸೂರಿಗೆ ಹೋದರು. ಅಂಗಡಿಯವರಿಗೆ ನಿಮ್ಮ ಗುರುತಿರುತ್ತದೆ. ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಪಕ್ಕದ ಮನೆಯವರು ಎದ್ದು ಬರುತ್ತಾರೆ.

ತೊಡಕುಗಳು

ಹಳ್ಳಿಯಲ್ಲಿ ಹಿತ್ತಲಿನಿಂದ ಬರುತ್ತಿದ್ದ ಸೊಪ್ಪು, ತೆಂಗಿನಕಾಯಿ, ಕೊಟ್ಟಿಗೆಯ ಹಾಲು ಎಲ್ಲಕ್ಕೂ ಇಲ್ಲಿ ಕಾಸು ಕೊಡಬೇಕು. ಮನೆ ಬಾಡಿಗೆ ಬೇರೆ. ಓದಿದ ಹುಡುಗರಿಗೆಲ್ಲ ಅಲ್ಲಿಯೇ ಕೆಲಸ ಸಿಕ್ಕುವುದಿಲ್ಲ. ಬಹುಮಂದಿ ಮತ್ತೆ ದೊಡ್ಡ ಪಟ್ಟಣಕ್ಕೆ ಹೊರಡುತ್ತಾರೆ. ಆಗ ಪೇಟೆಯ ಮನೆಯಲ್ಲಿ ಉಳಿಯುವವರು ಮುದುಕರು ಮಾತ್ರ. ದಿನವೆಲ್ಲ ತೋಟದಲ್ಲಿ ಓಡಾಡಿದ ಜೀವಕ್ಕೆ ಮಾಡಲು ಕೆಲಸವಿಲ್ಲದಿದ್ದರೆ ಅದೇ ನಿಶ್ಶಬ್ದ ಭಾರವಾಗುತ್ತದೆ.

ತೋಟದ ಮಾತು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕೊಳೆರೋಗ ಯಜಮಾನರ ಬರವನ್ನು ಕಾಯುವುದಿಲ್ಲ. ಶೇಕಡ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕದಲ್ಲಿ, ಮುಂಗಾರು ಹಿಡಿಯುವ ಮುನ್ನ ಒಮ್ಮೆ ಹೊಡೆಯಬೇಕು. ಸುಮಾರು 40ರಿಂದ 45 ದಿನಗಳ ಮೇಲೆ ಮಳೆಯ ಹೊಳವು ನೋಡಿ ಮತ್ತೊಮ್ಮೆ ಹೊಡೆಯಬೇಕು. ಹೊಳವು ಎಂದು ಬರುವುದೆಂದು ಪೇಟೆಯ ಮನೆಯಲ್ಲಿ ಕುಳಿತು ತಿಳಿಯಲಾಗದು. ಎರಡು ದಿನ ತಡವಾದರೆ ಹೊಳವು ಹೋಗಿಬಿಡಬಹುದು. ಕಾಯಿ ಉದುರಿದ ಮೇಲೆ ಮಾಡುವುದೇನಿದೆ? ತೋಟ ಹಾಳಾಗಿ ಹೊಸ ಸಸಿ ನೆಟ್ಟರೆ ಫಲ ಕಾಣಲು 5ರಿಂದ 7 ವರ್ಷ ಬೇಕು. ಅಷ್ಟರಲ್ಲಿ ಮಗುವಿನ ಓದೇ ಮುಗಿದಿರುತ್ತದೆ.

ಹೀಗೆ ಮಾಡಿ

1. ಹೋಗುವ ಮುನ್ನ ಬಾಡಿಗೆ, ಹಾಲು, ತರಕಾರಿ, ಬಸ್ಸಿನ ಖರ್ಚನ್ನು ಬರೆದು ಒಂದು ವರ್ಷದ ಲೆಕ್ಕ ಹಾಕಿ.

2. ಮೊದಲು ಬಾಡಿಗೆ ಮನೆಯಲ್ಲಿ ಒಂದು ವರ್ಷ ಇದ್ದು ನೋಡಿ. ಜಮೀನು ಮಾರಿ ಮನೆ ಕೊಳ್ಳಲು ಆತುರಪಡಬೇಡಿ.

3. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಜವಾಬ್ದಾರರೊಬ್ಬರು ತೋಟದಲ್ಲೇ ಇರಲಿ.

4. ಹಿರಿಯರನ್ನು ಕೇಳದೆ ತೀರ್ಮಾನ ಮಾಡಬೇಡಿ. ಅವರು ಹಳ್ಳಿಯಲ್ಲೇ ಇರುವೆವೆಂದರೆ ಜೊತೆಗೆ ಯಾರಿರುವರೆಂದು ಮೊದಲು ಗೊತ್ತುಮಾಡಿ.

5. ಊರಿನಿಂದ ಶಾಲೆಗೆ ಬಸ್ಸು ಸಿಕ್ಕುವುದಾದರೆ ಮನೆ ಬಿಡುವ ಅಗತ್ಯವೇ ಇಲ್ಲದಿರಬಹುದು. ಅಕ್ಕಪಕ್ಕದ ಮನೆಯವರೆಲ್ಲ ಕೂಡಿ ಗ್ರಾಮಸಭೆಯಲ್ಲಿ ಬಸ್ಸಿಗಾಗಿ ಕೇಳಿರಿ.

ಸಣ್ಣ ಪೇಟೆಯ ನೆಮ್ಮದಿ ನಿಜವಾದದ್ದೇ. ಆದರೆ ಆ ನೆಮ್ಮದಿಗೆ ಅನ್ನ ಹಾಕುತ್ತಿರುವುದು ನಿಮ್ಮ ತೋಟ. ಅದನ್ನು ಉಳಿಸಿಕೊಂಡು ಹೋಗಿ; ಬೇಡವೆನಿಸಿದ ದಿನ ಹಿಂದಿರುಗಲು ದಾರಿ ತೆರೆದಿರುತ್ತದೆ.