ಹೊಳೆಯ ಅಳತೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ನಡುವೆ ಹರಿದು, ಪಟ್ಟದಕಲ್ಲು, ಐಹೊಳೆಗಳನ್ನು ಹಾದು, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಗೆಯಲ್ಲಿ ಕುರಿಗಾಹಿಗಳು ನಡೆದೇ ದಾಟುವ ಈ ಹೊಳೆಯು 2019ರ ಆಗಸ್ಟ್ ತಿಂಗಳಲ್ಲಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೇ ನುಗ್ಗಿತು. ಇಳಕಲ್ಲಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸಹ್ಯಾದ್ರಿಯ ಮಳೆಯು ಬಾದಾಮಿಯ ಹೊಲಗಳನ್ನು ಮುಳುಗಿಸಬಲ್ಲುದು. ಕಣ್ಣಿಗೆ ಕಾಣುವ ಆಕಾಶವನ್ನಷ್ಟೇ ನೋಡಿ ಹೊಳೆಯನ್ನು ಅರಿಯಲಾಗದು.

ಆದುದರಿಂದಲೇ ಹೊಳೆಯನ್ನು ಅಳೆಯುತ್ತಾರೆ. ಬಾದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಇಂತಹ ಕೇಂದ್ರಗಳಲ್ಲಿ ದಡದ ಅಳತೆಗಂಬವನ್ನು ನೋಡಿ ನೀರಿನ ಮಟ್ಟವನ್ನು ಬರೆದಿಡುವರು. ಹೊಳೆಯ ಅಗಲ, ಆಳ, ವೇಗಗಳನ್ನು ಅಳೆದು, ಒಂದು ಸೆಕೆಂಡಿಗೆ ಎಷ್ಟು ನೀರು ಹರಿಯಿತೆಂದು ಲೆಕ್ಕ ಹಾಕುವರು. ಕೆಂಪು ನೀರನ್ನು ಸೋಸಿ, ಉಳಿದ ಹೂಳನ್ನು ಒಣಗಿಸಿ ತೂಗುವುದೂ ಉಂಟು. ಬೇಸರದ ಕೆಲಸವೇ ಸರಿ. ಆದರೆ ಸೇತುವೆಯ ಕಮಾನು ಎಷ್ಟು ಎತ್ತರವಿರಬೇಕು, ಜಲಾಶಯವು ಎಷ್ಟು ವರ್ಷಗಳಲ್ಲಿ ಹೂಳಿನಿಂದ ತುಂಬೀತು ಎಂಬ ಪ್ರಶ್ನೆಗಳಿಗೆ ಹಲವು ವರ್ಷಗಳ ಈ ಅಂಕಿಗಳಲ್ಲದೆ ಬೇರೆ ಆಧಾರವೆಲ್ಲಿ?

ಮಳೆಯ ಲೆಕ್ಕವೂ ಈಗ ಸೂಕ್ಷ್ಮವಾಗಿದೆ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾದ ಕರ್ನಾಟಕದ ಸಂಸ್ಥೆಯು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿದ ಮಳೆಮಾಪಕಗಳಿಂದ ತಾನಾಗಿ ವರ್ತಮಾನ ಪಡೆಯುತ್ತದೆ. ಮೇಲಿನ ಮಳೆಯು ಮೊದಲೇ ತಿಳಿದರೆ, ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ನೀರನ್ನು ಒಮ್ಮೆಲೇ ಬಿಡದೆ, ಮುಂಚಿತವಾಗಿ ಸ್ವಲ್ಪ ಸ್ವಲ್ಪವಾಗಿ ಬಿಡಲು ಅವಕಾಶವಾಗುತ್ತದೆ.

ಅಳತೆಯ ಬೆಲೆಯನ್ನು ಬಾಗಲಕೋಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರು. ಇಂತಹ ಮಟ್ಟದ ಗೆರೆಯೇ ಹಳೆಯ ಊರಿನ ಯಾವ ಓಣಿ ಉಳಿಯಬೇಕು, ಯಾವ ಮನೆಯವರು ನವನಗರಕ್ಕೆ ಹೊರಡಬೇಕು ಎಂಬುದನ್ನು ನಿರ್ಧರಿಸಿತು. ತಲೆಮಾರುಗಳಿಂದ ಬಾಳಿದ ಮನೆಯನ್ನು ಬಿಡುವವನಿಗೆ ಆ ಗೆರೆಯು ಒಂದು ಮೊಳ ಆಚೀಚೆಯಾದರೂ ಅನ್ಯಾಯವೇ ಅಲ್ಲವೇ?

ನೀರು ಬಂದ ಮೇಲೂ ಅಳತೆ ನಿಲ್ಲುವಂತಿಲ್ಲ. ಕಾಲುವೆಯ ನೀರು ಮಿತಿಮೀರಿದೆಡೆ ಅಂತರ್ಜಲ ಮೇಲೇರಿ ಎರೆಹೊಲಗಳು ಸವಳು ಜವಳಾಗುತ್ತವೆ. ಬಾವಿಗಳ ಮಟ್ಟವನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ, ಬಸಿಗಾಲುವೆಯನ್ನು ಎಲ್ಲಿ ತೋಡಬೇಕೆಂಬುದು ಬೆಳೆ ಒಣಗುವ ಮೊದಲೇ ತಿಳಿಯುತ್ತದೆ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವು ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಬಾವಿಯಂತಹ ಗೋಡೆಯನ್ನು ಕಟ್ಟಲಾಗಿದೆ. ಭಕ್ತರು ಮೆಟ್ಟಿಲಿಳಿದು ಒಳಗೆ ಹೋಗುತ್ತಾರೆ. ಹೊರಗೆ, ಅವರ ತಲೆಗಿಂತ ಎತ್ತರದಲ್ಲಿ, ಕೃಷ್ಣೆಯು ನಿಂತಿರುತ್ತಾಳೆ.