ದೊಡ್ಡ ಸಿಗಾರಿಗೆ ಅಂಕ ಕೊಡುವ ಬಗೆ

ಕ್ಯೂಬಾದ ಓಯೊ ದೆ ಮೊಂತೆರೈ ಬ್ರಾಂಡಿನ ಡಬಲ್ ಕೊರೋನಾ ಸಿಗಾರಿನ ಉದ್ದ 194 ಮಿಲಿಮೀಟರ್. ದಪ್ಪವನ್ನು ಸಿಗಾರಿನವರು ಒಂದು ಇಂಚನ್ನು 64 ಪಾಲು ಮಾಡಿ ಅಳೆಯುತ್ತಾರೆ. ಇದರದು 49 ಪಾಲು, ಅಂದರೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ವ್ಯಾಸ. ನಿಧಾನವಾಗಿ ಸೇದಿದರೆ ಒಂದೂವರೆಯಿಂದ ಎರಡು ಗಂಟೆ ಉರಿಯುತ್ತದೆ. ಹೊಸಬರು ಮೊದಲ ಹತ್ತು ನಿಮಿಷದಲ್ಲೇ ಅಂಕ ಹಾಕಿಬಿಡುತ್ತಾರೆ, ಉಳಿದ ಹೊತ್ತೆಲ್ಲ ಆ ಅಂಕವನ್ನು ಸಮರ್ಥಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತಾರೆ. ಹಾಗಂತ ಅಪಾಯವಿಲ್ಲ ಎಂದಲ್ಲ. ಈ ಹೊಗೆ ಸಿಗರೇಟಿನದಕ್ಕಿಂತ ಹೆಚ್ಚು ಕ್ಷಾರೀಯ, ಆದ್ದರಿಂದ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೂ ಇದು ದಾರಿ. ವೈನ್ ಪರೀಕ್ಷಕರು ರುಚಿ ನೋಡಿ ಉಗುಳಬಹುದು, ಇಲ್ಲಿ ಆ ಸೌಲಭ್ಯವಿಲ್ಲ. ಸೇದದವರು ಈ ವಿದ್ಯೆಗೋಸ್ಕರ ಶುರುಮಾಡಬೇಕಿಲ್ಲ, ಓದಿ ತಿಳಿದರೆ ಸಾಕು. ಸೇದುವವರು ಊಟ ಮಾಡಿಯೇ ಕೂರಿ. ಖಾಲಿ ಹೊಟ್ಟೆಯಲ್ಲಿ ಹಿಡಿದರೆ ಅರ್ಧಕ್ಕೆ ಬರುವಷ್ಟರಲ್ಲಿ ತಲೆ ಸುತ್ತಿ ಬೆವರು ಕಿತ್ತುಕೊಂಡು ಬರುತ್ತದೆ.

ಈ ಡಬಲ್ ಕೊರೋನಾದ ಎಲೆ ಹವಾನಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಸೀಮೆಯದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕನ್ನು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಕಾವು ಕೊಟ್ಟು ಕೆಲವೇ ದಿನಗಳಲ್ಲಿ ಹದ ಮಾಡುತ್ತಾರೆ. ಅದು ಸಿಗರೇಟಿಗೆ ಹೋಗುವ ಸರಕು. ಕ್ಯೂಬಾದವರು ಎಲೆಯನ್ನು ನೇತುಹಾಕಿ ಗಾಳಿಗೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ಸಿಗಾರಿನ ಒಳಗೆ ಮುಖ್ಯವಾಗಿ ಮೂರು ಬಗೆಯ ಎಲೆ. ಗಿಡದ ಬುಡದ ವೊಲಾದೊ ಚೆನ್ನಾಗಿ ಉರಿಯಲಿಕ್ಕೆ, ನಡುವಿನ ಸೆಕೊ ಪರಿಮಳಕ್ಕೆ, ಮೇಲಿನ ಲಿಹೆರೊ ಖಾರಕ್ಕೆ. ಲಿಹೆರೊ ದಪ್ಪ ಎಲೆ, ನಿಧಾನ ಉರಿಯುತ್ತದೆ. ಅದಕ್ಕೇ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಪಕ್ಕಕ್ಕೆ ಸರಿದರೆ ಕಿಡಿ ಒಂದೇ ಮಗ್ಗುಲಲ್ಲಿ ಓಡುತ್ತದೆ.

ಈ ಎಲೆಗಳೆಲ್ಲ ತುದಿಯಿಂದ ತುದಿಯವರೆಗೂ ಹಾದಿರುತ್ತವೆ. ಹಾಗಿದ್ದ ಮೇಲೆ ಸೇದುತ್ತ ಹೋದಂತೆ ರುಚಿ ಬದಲಾಗುವುದೇಕೆ? ಹೊಗೆ ಇನ್ನೂ ಉರಿಯದ ಎಲೆಯನ್ನು ದಾಟಿಕೊಂಡು ಬಾಯಿಗೆ ಬರಬೇಕು. ದಾಟುವಾಗ ತಣ್ಣಗಾಗುತ್ತದೆ, ತೇವವನ್ನೂ ಟಾರನ್ನೂ ನಿಕೋಟಿನ್ನನ್ನೂ ದಾರಿಯಲ್ಲಿ ಬಿಡುತ್ತ ಬರುತ್ತದೆ. ಸಿಗಾರ್ ಮೋಟಾದಂತೆ ದಾರಿ ಕಿರಿದಾಗುತ್ತದೆ, ಹೊಗೆ ಬಿಸಿಯಾಗಿಯೇ ತಲುಪುತ್ತದೆ, ಮೊದಲು ಕೂತ ಜಿಗುಟೂ ಜೊತೆಗೆ ಉರಿಯುತ್ತದೆ. ದೊಡ್ಡ ಸಿಗಾರಿನ ಪರೀಕ್ಷೆ ಇರುವುದು ಇಲ್ಲೇ. ಮೊದಲ ಮೂರನೇ ಒಂದು ಭಾಗದಲ್ಲಿ ಬಹುಪಾಲು ಸಿಗಾರುಗಳು ಸಜ್ಜನರೇ. ಕೊನೆಯ ಭಾಗದಲ್ಲಿ ಬರಿ ಕಹಿ, ಸುಡುವಿಕೆ ಉಳಿಯಿತೋ, ಖಾರದ ಒಳಗೂ ಪರಿಮಳ ಉಳಿಯಿತೋ ನೋಡಬೇಕು.

ಬ್ರಾಂಡಿನ ಹೆಸರಿರುವ ಕಾಗದದ ಉಂಗುರ ಕಳಚಿ, ಯಾವ ಸಿಗಾರೆಂದು ಗೊತ್ತಿಲ್ಲದಂತೆ ಬೇರೊಬ್ಬರ ಕೈಯಿಂದ ಪಡೆಯುವುದು ಒಳ್ಳೆಯದು. ಬೆಲೆ ಗೊತ್ತಾದ ಮೇಲೆ ನಾಲಗೆ ನ್ಯಾಯವಾಗಿ ನಡೆದುಕೊಳ್ಳುವುದು ಕಷ್ಟ. ಬೆರಳಲ್ಲಿ ಮೆಲ್ಲಗೆ ಒತ್ತಿ. ಗಂಟೂ ಇರಬಾರದು, ಪೊಳ್ಳೂ ಇರಬಾರದು. ಮುಚ್ಚಿದ ತುದಿಯಿಂದ ಟೋಪಿಯಂತಿರುವ ಎಲೆತುಣುಕನ್ನಷ್ಟೇ ಕತ್ತರಿಸಿ, ಹಚ್ಚುವ ಮೊದಲೇ ಒಮ್ಮೆ ಎಳೆದು ನೋಡಿ. ಗಾಳಿ ಬರಲು ಕೆನ್ನೆ ಒಳಕ್ಕೆ ಹೋಗುವಷ್ಟು ಹೆಣಗಬೇಕಾದರೆ ಸುತ್ತಿದ್ದು ಬಿಗಿ ಎಂದರ್ಥ. ಹಚ್ಚುವಾಗ ಜ್ವಾಲೆ ಎಲೆಗೆ ತಾಗದಿರಲಿ, ಕಾವು ಸಾಕು. ನಿಮಿಷಕ್ಕೊಂದು ದಮ್ಮು ಸಾಕು. ಅವಸರ ಮಾಡಿದರೆ ಎಲೆ ಕಾದು ಕಹಿಯಾಗುತ್ತದೆ, ತಪ್ಪನ್ನು ಮಾತ್ರ ಸಿಗಾರಿನ ತಲೆಗೆ ಕಟ್ಟುತ್ತೀರಿ. ಆಗೊಮ್ಮೆ ಈಗೊಮ್ಮೆ ಬಾಯಲ್ಲಿರುವ ಹೊಗೆಯಲ್ಲಿ ಒಂಚೂರನ್ನು ಮೂಗಿನಿಂದ ಹೊರಬಿಡಿ. ಪರಿಮಳದ ಸೂಕ್ಷ್ಮ ತಿಳಿಯುವುದು ಮೂಗಿಗೇ.

ಪ್ರತಿ ಭಾಗ ಮುಗಿದಾಗ ಎರಡು ಸಾಲು ಬರೆದಿಡಿ. ಪತ್ರಿಕೆಗಳಲ್ಲಿ ದೇವದಾರು, ಚರ್ಮ, ಕೋಕೋ ಎಂದು ಬರೆದಿರುತ್ತಾರೆ. ನಿಮಗೆ ಹುರಿದ ಕಡಲೆಬೀಜ, ಜೀರಿಗೆ, ಕರಿಮೆಣಸು, ಮೊದಲ ಮಳೆಯ ಮಣ್ಣು ಅನಿಸಿದರೆ ಅದನ್ನೇ ಬರೆಯಿರಿ. ಮೂಸಿ ಗೊತ್ತಿಲ್ಲದ ವಸ್ತುವಿನ ಹೆಸರು ಬರೆದು ಪ್ರಯೋಜನವಿಲ್ಲ.

ಅಂಕದ ವಿಷಯ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಸಿಗಾರ್ ಅಫಿಶಿಯನಾಡೊ ಪತ್ರಿಕೆ 100 ಅಂಕದ ಪದ್ಧತಿಯನ್ನು ಪ್ರಸಿದ್ಧಗೊಳಿಸಿತು. ನೋಟ ಮತ್ತು ಕಟ್ಟಣೆ, ಉರಿಯುವ ರೀತಿ, ರುಚಿ, ಒಟ್ಟು ಅನಿಸಿಕೆ ಇವನ್ನು ಅಲ್ಲಿ ನೋಡುತ್ತಾರೆ. 90 ಮುಟ್ಟಿದರೆ ಶ್ರೇಷ್ಠ. ನನ್ನನ್ನು ಕೇಳಿದರೆ 91ಕ್ಕೂ 92ಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಪರೀಕ್ಷಕರ ಊಟದ್ದು. ಹೊಸಬರಿಗೆ 10 ಅಂಕ ಸಾಕು: ಎಳೆತಕ್ಕೆ ಮತ್ತು ಉರಿಗೆ 3, ರುಚಿಗೆ 4, ಕೊನೆಯ ಭಾಗಕ್ಕೇ ಪ್ರತ್ಯೇಕವಾಗಿ 3. ಬೂದಿ ಎಷ್ಟುದ್ದ ನಿಂತಿತು ಎಂಬುದಕ್ಕೆ ಸೊನ್ನೆ, ಅದು ಬರಿ ಪ್ರದರ್ಶನ.

ಕೈಯಲ್ಲಿ ಸುತ್ತಿದ ಸರಕಾದ್ದರಿಂದ ಒಂದೇ ಪೆಟ್ಟಿಗೆಯ ಎರಡು ಸಿಗಾರು ಬೇರೆಬೇರೆಯಾಗಿ ನಡೆದುಕೊಳ್ಳಬಹುದು. ಹಾಗಾಗಿ ಕೆಲವು ವಾರ ಬಿಟ್ಟು ಅದೇ ಪೆಟ್ಟಿಗೆಯ ಇನ್ನೊಂದನ್ನು ನೋಡಿ, ಹಳೆಯ ಟಿಪ್ಪಣಿ ತೆಗೆಯದೆ ಅಂಕ ಹಾಕಿ. ಎರಡನ್ನೂ ಹಾಗೇ ಅಕ್ಕಪಕ್ಕ ಬರೆದಿಡಿ, ಸರಾಸರಿ ತೆಗೆಯಬೇಡಿ.