ಬಿಟ್ಟ ವ್ಯಾಯಾಮಕ್ಕೆ ಮರಳುವಾಗ

ಕಾಯಿಲೆ, ಶಸ್ತ್ರಚಿಕಿತ್ಸೆ, ಸುಗ್ಗಿಯ ಕೆಲಸ, ಮನೆಯ ಮದುವೆ ಮೊದಲಾದ ಕಾರಣಗಳಿಂದ ವ್ಯಾಯಾಮವು ತಿಂಗಳುಗಟ್ಟಲೆ ನಿಂತುಹೋಗುವುದುಂಟು. ಮತ್ತೆ ಆರಂಭಿಸುವ ದಿನ ಮನಸ್ಸು ಹಳೆಯ ಲೆಕ್ಕವನ್ನೇ ಹಿಡಿದಿರುತ್ತದೆ. ದೇಹವಾದರೋ ಅಷ್ಟರಲ್ಲಿ ಸಡಿಲಗೊಂಡಿರುತ್ತದೆ. ಚಿಕೂನ್‌ಗುನ್ಯದಿಂದ ಚೇತರಿಸಿಕೊಂಡ ಬಳಿಕ ನಾವೂ ಮೊದಲ ದಿನವೇ ಹಿಂದಿನಂತೆ 4 ಕಿಲೋಮೀಟರ್ ನಡೆದು, 2 ವಾರ ಮಂಡಿನೋವಿನಿಂದ ಮಲಗಿದೆವು. ರೋಗಿಗಳಿಗೆ ಹೇಳುವ ಮಾತನ್ನು ನಾವೇ ಮರೆತಿದ್ದೆವು.

ಆ ಮಾತೆಂದರೆ ಆಯುರ್ವೇದದ ‘ಅರ್ಧಶಕ್ತಿ’ ನಿಯಮ. ಇರುವ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು; ಬೇಸಿಗೆಯಲ್ಲಿ ಇನ್ನೂ ಕಡಿಮೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಬಲ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಅಳೆಯಬೇಕಾದುದು ಇಂದಿನ ಬಲವನ್ನು.

ಹಿತಕರವಾದ ಅಭ್ಯಾಸವನ್ನು ಕಾಲುಭಾಗದ ಕ್ರಮದಲ್ಲಿ ರೂಢಿಸಿಕೊಳ್ಳಬೇಕೆಂದು ಚರಕಸಂಹಿತೆ ಹೇಳುತ್ತದೆ. ಹಿಂದೆ 40 ನಿಮಿಷ ನಡೆಯುತ್ತಿದ್ದವರು ಮೊದಲ ವಾರ ಸಮತಟ್ಟಾದ ನೆಲದಲ್ಲಿ 10 ನಿಮಿಷ ನಡೆಯಲಿ. ಬಳಿಕ ವಾರಕ್ಕೆ 10 ನಿಮಿಷದಂತೆ ಹೆಚ್ಚಿಸಲಿ. ಮರುದಿನ ಬೆಳಿಗ್ಗೆ ಮೈ ಹಗುರವಾಗಿದ್ದರೆ ಅಳತೆ ಸರಿಯಾಗಿದೆ. ನೋವು, ಭಾರ ಉಳಿದಿದ್ದರೆ ಹಿಂದಿನ ಅಳತೆಗೆ ಮರಳಬೇಕು.

ಜ್ವರವಿರುವಾಗಲೂ ಊಟವಾದ ಕೂಡಲೇ ಸಹ ವ್ಯಾಯಾಮ ಸಲ್ಲದು. ಹೃದ್ರೋಗ, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆಬಿಗಿತ, ತಲೆಸುತ್ತು ಕಂಡರೆ ಯಾರೇ ಆಗಲಿ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನಾವು ಎರಡನೆಯ ಸಲ 10 ನಿಮಿಷದಿಂದಲೇ ತೊಡಗಿದೆವು. ಈಗ ಅದೇ ಹಳೆಯ ದಾರಿಯನ್ನು ನೋವಿಲ್ಲದೆ ನಡೆಯುತ್ತಿದ್ದೇವೆ.